ಬೌಬಜಾರಿನ ಉಪನ್ಯಾಸಮಂದಿರ

ಕ್ರಿ. ಶ. 1812ನೆಯ ಇಸವಿಯಲ್ಲಿ ಲಂಡನ್ ನಗರದ ಆಲ್ಬೆಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ರಸಾಯನಶಾಸ್ತ್ರೋಪನ್ಯಾಸಗಳು ನಡೆಯುತ್ತಿದ್ದುವು. ಡೇವಿಯ ಮಾತನ್ನು ಕೇಳಲು ಬರುವ ಶ್ರೀಮಂತರ ಸಾರೋಟುಗಳು ಆ ಬೀದಿಯನ್ನು ಕಟ್ಟಿಬಿಡುತ್ತಿದ್ದುದರಿಂದ, ಗಾಡಿಗಳು ಒಂದೇ ದಿಕ್ಕಿಗೆ ಹೋಗಬೇಕೆಂದು ಅಲ್ಲಿ ಕಟ್ಟಳೆಯಾಯಿತೆಂದು ಹೇಳುವುದುಂಟು. ಆ ವರ್ಷದ ಕಡೆಯ ನಾಲ್ಕು ಉಪನ್ಯಾಸಗಳಿಗೆ ಸಾರೋಟಿಲ್ಲದೆ ನಡೆದು ಬಂದ ತರುಣನೊಬ್ಬನಿದ್ದನು. ಅವನು ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಏಳು ವರ್ಷ ಕೆಲಸ ಕಲಿಯುತ್ತಿದ್ದವನು. ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ದಯೆಯಿಂದ ಕೊಟ್ಟ ಚೀಟಿಯ ಬಲದಿಂದ ಒಳಗೆ ಹೋಗಿ, ಮೇಲಿನ ಗ್ಯಾಲರಿಯಲ್ಲಿ ಕುಳಿತು, ಕೇಳಿದ್ದನ್ನೆಲ್ಲ ಬರೆದುಕೊಂಡು, ಮನೆಯಲ್ಲಿ ಅದನ್ನು ಶುದ್ಧಪ್ರತಿ ಮಾಡಿ, ಚಿತ್ರಗಳನ್ನು ಬಿಡಿಸಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿಕೊಟ್ಟನು. ಮರುವರ್ಷವೇ ಅವನಿಗೆ ಆ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ದೊರೆಯಿತು. ಅವನೇ ಮೈಕೆಲ್ ಫ್ಯಾರಡೆ. ಇಂದು ಮನೆಮನೆಯ ವಿದ್ಯುದ್ದೀಪಕ್ಕೂ ಕಾರ್ಖಾನೆಯ ಯಂತ್ರಕ್ಕೂ ಆಧಾರವಾಗಿರುವ ತತ್ತ್ವಗಳನ್ನು ಕಂಡುಹಿಡಿದ ಮಹಾಪುರುಷನು ವಿಜ್ಞಾನದ ಅಂಗಳಕ್ಕೆ ಬಂದುದು ವಿಶ್ವವಿದ್ಯಾನಿಲಯದ ಹೆಬ್ಬಾಗಿಲಿನಿಂದಲ್ಲ, ಸಾರ್ವಜನಿಕ ಉಪನ್ಯಾಸದ ಪಕ್ಕದ ಬಾಗಿಲಿನಿಂದ.

ಇದರಲ್ಲಿ ಇನ್ನೊಂದು ಸ್ವಾರಸ್ಯವೂ ಉಂಟು. ಫ್ಯಾರಡೆಗೆ ರಸಾಯನಶಾಸ್ತ್ರದ ರುಚಿಯನ್ನು ಮೊದಲು ಹತ್ತಿಸಿದುದು, ರಟ್ಟು ಕಟ್ಟುವ ಕಾಲದಲ್ಲಿ ಅವನು ಓದಿದ ಒಂದು ಸಂಭಾಷಣರೂಪದ ಪುಸ್ತಕ. ಅದನ್ನು ಬರೆದವಳು ಜೇನ್ ಮಾರ್ಸೆಟ್ ಎಂಬ ಗೃಹಿಣಿ. ಆಕೆಯೂ ಡೇವಿಯ ಉಪನ್ಯಾಸಗಳನ್ನು ಕೇಳಿ, ಕೇಳಿದ್ದು ಮನಸ್ಸಿಗೆ ಚೆನ್ನಾಗಿ ಹಿಡಿಯದಿರಲು ಸ್ನೇಹಿತರೊಡನೆ ಮಾತನಾಡಿ ತಿಳಿದುಕೊಂಡು, ತನ್ನಂತೆಯೇ ತೊಡಕಿಗೆ ಸಿಕ್ಕಿದ ಇತರ ಸ್ತ್ರೀಯರಿಗಾಗಿ ಆ ಪುಸ್ತಕವನ್ನು ರಚಿಸಿದಳು. ಸಭೆಯಲ್ಲಿ ಆಡಿದ ಮಾತು ಯಾರ ಕಿವಿಯಿಂದ ಯಾರ ಕೈಗೆ ಹೋಗಿ ಎಲ್ಲಿ ಮೊಳೆಯುವುದೆಂಬುದನ್ನು ಆಡಿದವನು ಅರಿಯಲಾರನು.

ಆ ಸಂಸ್ಥೆಯು ಸರ್ವರಿಗೂ ತೆರೆದಿದ್ದಿತೆಂದು ಭ್ರಮಿಸಬೇಕಾಗಿಲ್ಲ. ಅದು 1799ರಲ್ಲಿ ಹುಟ್ಟಿದಾಗ, ಕುಶಲಕರ್ಮಿಗಳು ಬೀದಿಯಿಂದ ನೇರವಾಗಿ ಗ್ಯಾಲರಿಗೆ ಹತ್ತಿ ಹೋಗಲೆಂದು ಪ್ರತ್ಯೇಕವಾದೊಂದು ಕಲ್ಲಿನ ಮೆಟ್ಟಲನ್ನು ಕಟ್ಟಿಸಿದ್ದರು. ಕೆಲವೇ ವರ್ಷಗಳಲ್ಲಿ ಅದನ್ನು ಕಿತ್ತು ಹಾಕಿದರು. ಫ್ರಾನ್ಸಿನ ಕ್ರಾಂತಿಯ ಭಯವು ಇನ್ನೂ ಆರದ ಕಾಲವದು. ಕೂಲಿಕಾರನು ವಿದ್ಯೆ ಕಲಿತರೆ ಏನಾದೀತೋ ಎಂಬ ಶಂಕೆ ದೊಡ್ಡವರ ಮನಸ್ಸಿನಲ್ಲಿದ್ದಿತು. ಫ್ಯಾರಡೆಯಾದರೂ ಒಳಗೆ ಹೋದುದು ಇನ್ನೊಬ್ಬರ ಚೀಟಿಯಿಂದಲೇ ಅಲ್ಲವೆ? ಅವನು ಈ ಸಂಗತಿಯನ್ನು ಮರೆತಂತೆ ಕಾಣುವುದಿಲ್ಲ. ಅಧಿಕಾರ ಕೈಗೆ ಬಂದ ಮೇಲೆ, 1825ರ ಹೊತ್ತಿಗೆ, ಶುಕ್ರವಾರದ ಸಂಜೆಯ ಉಪನ್ಯಾಸಗಳೂ ಮಕ್ಕಳಿಗಾಗಿ ಕ್ರಿಸ್‌ಮಸ್ ಕಾಲದ ಉಪನ್ಯಾಸಗಳೂ ಮೊದಲಾದುವು. ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಅವನು ಆರು ದಿನ ಉಪನ್ಯಾಸ ಮಾಡಿದನು. ಉರಿಯುವ ಬತ್ತಿಯ ನಡುವಿಗೆ ಗಾಜಿನ ಕೊಳವೆಯ ಒಂದು ತುದಿಯನ್ನು ಹಿಡಿದು, ಅದರಿಂದ ಹೊರಟ ಆವಿಯನ್ನು ಇನ್ನೊಂದು ತುದಿಯಲ್ಲಿ ಹೊತ್ತಿಸಿ, ಉರಿಯುವುದು ಮೇಣವಲ್ಲ, ಮೇಣದ ಆವಿ ಎಂಬುದನ್ನು ಮಕ್ಕಳ ಕಣ್ಣಿಗೆ ಕಾಣಿಸಿದನು. ಇಂಥ ಸಭೆಗಳ ಕೀರ್ತಿಯು ಸಮುದ್ರವನ್ನು ದಾಟಿ ಕಲ್ಕತ್ತೆಗೂ ಬಂದಿತು.

ಕಲ್ಕತ್ತೆಯಲ್ಲಿ ಆ ಕಾಲಕ್ಕೆ ಮಹೇಂದ್ರಲಾಲ ಸರ್ಕಾರ್ ಎಂಬ ವೈದ್ಯರಿದ್ದರು. ಶ್ರೀ ರಾಮಕೃಷ್ಣ ವಚನವೇದವನ್ನು ಓದಿದ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಪರಮಹಂಸರ ಕಡೆಯ ಕಾಯಿಲೆಯಲ್ಲಿ, 1885ರಿಂದ ಮುಂದೆ, ಚಿಕಿತ್ಸೆಗೆಂದು ಬಂದು, ನಾಡಿ ನೋಡಿದ ಮೇಲೂ ಗಂಟೆಗಟ್ಟಲೆ ಕುಳಿತು ಭಕ್ತರೊಡನೆ ವಾದಿಸುತ್ತ, ಅವತಾರವನ್ನು ಒಪ್ಪದೆ, ಆದರೂ ಮರುದಿನ ತಪ್ಪದೆ ಬರುತ್ತಿದ್ದ ಆ ನೇರಮಾತಿನ ಡಾಕ್ಟರೇ ಇವರು. 1833ರಲ್ಲಿ ಹೌರಾ ಪ್ರಾಂತದ ಪಾಯಿಕ್‌ಪಾಡಾ ಎಂಬ ಹಳ್ಳಿಯಲ್ಲಿ ಹುಟ್ಟಿ, ಎಳೆತನದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಸೋದರಮಾವಂದಿರ ಆಶ್ರಯದಲ್ಲಿ ಓದಿ, 1863ರಲ್ಲಿ ಎಂ. ಡಿ. ಪದವಿಯನ್ನು ಪಡೆದರು. ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಆ ಪದವಿಯನ್ನು ಗಳಿಸಿದವರಲ್ಲಿ ಅವರು ಎರಡನೆಯವರು.

ಅವರ ಸ್ವಭಾವವನ್ನು ತಿಳಿಯಲು ಒಂದು ಸಂಗತಿ ಸಾಕು. ಮೊದಲು ಅವರು ಹೋಮಿಯೋಪತಿಯನ್ನು ಸಭೆಯಲ್ಲಿ ನಿಂತು ಹಳಿದವರು. ಆ ಪದ್ಧತಿಯ ಗ್ರಂಥವೊಂದನ್ನು ವಿಮರ್ಶಿಸಲು ಕೈಗೆ ತೆಗೆದುಕೊಂಡಾಗ, ಪರೀಕ್ಷಿಸದೆ ಖಂಡಿಸುವುದು ನ್ಯಾಯವಲ್ಲವೆಂದು ತೋರಿ, ಆ ವೈದ್ಯರ ರೋಗಿಗಳನ್ನು ತಾವೇ ನೋಡತೊಡಗಿದರು. ನೋಡಿದುದರಿಂದ ಮನಸ್ಸು ತಿರುಗಿತು. 1867ರಲ್ಲಿ ವೈದ್ಯರ ಸಭೆಯಲ್ಲಿಯೇ ಎದ್ದು ನಿಂತು ತಮ್ಮ ಅಭಿಪ್ರಾಯವು ಬದಲಾದುದನ್ನು ಸಾರಿದರು. ಸಹೋದ್ಯೋಗಿಗಳು ಬಹಿಷ್ಕರಿಸಿದರು, ರೋಗಿಗಳು ಬಿಟ್ಟುಹೋದರು. ಆ ಪದ್ಧತಿಯ ವಿಷಯದಲ್ಲಿ ವಿಜ್ಞಾನವು ಮುಂದೆ ಕೊಟ್ಟ ತೀರ್ಪು ಅವರಿಗೆ ಅನುಕೂಲವಾದುದಲ್ಲ. ಆದರೆ ತಾನು ಕಂಡೆನೆಂದು ನಂಬಿದುದನ್ನು ಹೇಳುವುದಕ್ಕಾಗಿ ಜೀವನೋಪಾಯವನ್ನೇ ಪಣವಾಗಿಟ್ಟ ಧೈರ್ಯವು ಸಾಮಾನ್ಯವಾದುದಲ್ಲ. ವಿಜ್ಞಾನಸಂಘವನ್ನು ಕಟ್ಟಿದುದೂ ಅದೇ ಧೈರ್ಯವೇ.

ತಮ್ಮ ಮಾತಿಗೆ ಬೇರೆ ವೇದಿಕೆಯಿಲ್ಲದಿರಲು ಅವರು 1868ರಲ್ಲಿ ಒಂದು ವೈದ್ಯಕೀಯ ಮಾಸಪತ್ರಿಕೆಯನ್ನು ಪ್ರಾರಂಭಿಸಿದರು. ಮರುವರ್ಷ ಅದರಲ್ಲಿ, ಭಾರತೀಯರೇ ವಿಜ್ಞಾನವನ್ನು ವ್ಯಾಸಂಗಮಾಡಿ ಬೆಳೆಯಿಸುವುದಕ್ಕೆ ಒಂದು ರಾಷ್ಟ್ರೀಯ ಸಂಸ್ಥೆಯು ಅವಶ್ಯಕವೆಂದು ಲೇಖನವನ್ನು ಬರೆದರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನೇ ಅವರ ಕಣ್ಣ ಮುಂದಿದ್ದ ಮಾದರಿ. ಸಾರ್ವಜನಿಕರಿಗೆ ಉಪನ್ಯಾಸ, ಉಪನ್ಯಾಸದ ಜೊತೆಗೆ ಪ್ರಯೋಗ, ಪ್ರಯೋಗದಿಂದ ಕ್ರಮವಾಗಿ ಸ್ವತಂತ್ರ ಸಂಶೋಧನೆ: ಇದು ಅವರ ಯೋಜನೆ. ಆಡಳಿತವೆಲ್ಲ ಭಾರತೀಯರ ಕೈಯಲ್ಲಿಯೇ ಇರಬೇಕೆಂಬುದು ಅವರ ನಿಬಂಧನೆ. ಅಂದಿನ ವಿಶ್ವವಿದ್ಯಾನಿಲಯವು ಪರೀಕ್ಷೆಗಳನ್ನು ನಡೆಯಿಸಿ ಪದವಿ ಹಂಚುವ ಕಚೇರಿಯಾಗಿದ್ದಿತೇ ಹೊರತು ಅಲ್ಲಿ ಸಂಶೋಧನೆಗೆ ಎಡೆಯಿರಲಿಲ್ಲವೆಂಬುದನ್ನು ನೆನೆದರೆ, ಈ ಯೋಜನೆಯ ಸಾಹಸವು ಗೊತ್ತಾಗುವುದು.

ಹಣ ಸುಲಭವಾಗಿ ಬರಲಿಲ್ಲ. ವಿದ್ಯಾಸಾಗರರು ಕೊಟ್ಟರು, ಕೆಲವು ಜಮೀನುದಾರರೂ ರಾಜರೂ ಕೊಟ್ಟರು. ಬಂಕಿಮಚಂದ್ರರು 1872ರಲ್ಲಿ ತಮ್ಮ ‘ವಂಗದರ್ಶನ’ ಪತ್ರಿಕೆಯಲ್ಲಿ ಲೇಖನ ಬರೆದು ಜನರನ್ನು ಎಚ್ಚರಿಸಿದರು. ಆದರೂ ಲೇಖನದಿಂದ ಕಟ್ಟಡಕ್ಕೆ ಬರಲು ಏಳು ವರ್ಷ ಹಿಡಿಯಿತು. ಅಷ್ಟರಲ್ಲಿ ವಿರೋಧವೂ ಹುಟ್ಟಿತು. ಶಿಶಿರಕುಮಾರ ಘೋಷರೇ ಮೊದಲಾದವರ ‘ಇಂಡಿಯನ್ ಲೀಗ್’ ಎಂಬ ಸಂಘದವರು, ಬಡ ದೇಶಕ್ಕೆ ಬೇಕಾದುದು ಕೈಕಸುಬನ್ನು ಕಲಿಸುವ ಶಾಲೆಯೇ ಹೊರತು ನಕ್ಷತ್ರ ವಿದ್ಯುತ್ತುಗಳ ಮೇಲಣ ಭಾಷಣವಲ್ಲವೆಂದು ವಾದಿಸಿದರು. ತತ್ತ್ವವನ್ನು ಅರಿಯದೆ ಕಸುಬನ್ನು ಮಾತ್ರ ಕಲಿತವನು ಎಂದಿಗೂ ಪರರ ಕೈಕೆಳಗಿನ ಕೂಲಿಯವನಾಗಿಯೇ ಉಳಿಯುವನೆಂದು ಸರ್ಕಾರರ ಪಕ್ಷದವರು ಉತ್ತರ ಕೊಟ್ಟರು. ಲೀಗಿನವರ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ಹಸಿದವನಿಗೆ ಮಗ್ಗವೇ ಮೊದಲು. ಆದರೆ ಎರಡೂ ಬೇಕಾಗಿದ್ದ ದೇಶದಲ್ಲಿ ಎರಡಕ್ಕೂ ಸಾಲುವಷ್ಟು ಹಣವನ್ನು ಕೊಡಲಾರದವರು ಒಂದನ್ನು ಇನ್ನೊಂದರ ಮೇಲೆ ಹೋರಾಟಕ್ಕೆ ಬಿಟ್ಟುದು ಶೋಚನೀಯ.

ಕಡೆಗೆ 1876ನೆಯ ಇಸವಿ ಜುಲೈ 29ರಂದು ಬೌಬಜಾರಿನ ಬೀದಿಯ 210ನೆಯ ನಂಬರಿನ ಮನೆಯಲ್ಲಿ ‘ಭಾರತೀಯ ವಿಜ್ಞಾನ ಸಂವರ್ಧನ ಸಂಘ’ವು ಪ್ರಾರಂಭವಾಯಿತು. ಸಂಜೆಯ ಉಪನ್ಯಾಸಗಳು ಮೊದಲಾದುವು. ಉಪನ್ಯಾಸಕರಲ್ಲಿ ಅಗ್ರಗಣ್ಯರಾದವರು ಬೆಲ್ಜಿಯಂ ದೇಶದವರೂ ಸೇಂಟ್ ಝೇವಿಯರ್ ಕಾಲೇಜಿನ ಅಧ್ಯಾಪಕರೂ ಆದ ಪಾದ್ರಿ ಯೂಜಿನ್ ಲಾಫೋಂ. ಇವರು 1865ರಲ್ಲಿ ಕಲ್ಕತ್ತೆಗೆ ಬಂದವರು. 1867ರಲ್ಲಿ ವಾಯುಭಾರವನ್ನು ಅಳೆದು ಬರಲಿರುವ ಚಂಡಮಾರುತವನ್ನು ಮುಂದಾಗಿ ತಿಳಿಸಿದಾಗ ಊರಿಗೆ ಅವರ ಪರಿಚಯವಾಯಿತು. 1874ರ ಡಿಸೆಂಬರಿನಲ್ಲಿ ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋದಾಗ, ಇಟಲಿಯಿಂದ ಬಂದ ಜ್ಯೋತಿರ್ವಿಜ್ಞಾನಿಗಳ ತಂಡದೊಡನೆ ಬಂಗಾಳದಲ್ಲಿ ಅದನ್ನು ವೀಕ್ಷಿಸಿದರು. ಧ್ವನಿಯನ್ನು ಹಿಡಿದಿಡುವ ಫೋನೋಗ್ರಾಫ್, ದೂರಕ್ಕೆ ಮಾತನ್ನು ಒಯ್ಯುವ ಟೆಲಿಫೋನ್ ಮೊದಲಾದ ಹೊಸ ಯಂತ್ರಗಳು ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಲಾಫೋಂ ಅವರ ಮೇಜಿನ ಮೇಲೆ ಕಲ್ಕತ್ತೆಯ ಜನರಿಗೆ ಕಾಣಿಸುತ್ತಿದ್ದುವು. ಜಗದೀಶಚಂದ್ರ ಬೋಸರು ಕಾಲೇಜಿನಲ್ಲಿ ಇವರ ಶಿಷ್ಯರು. ಮನೆಗೆ ಗುಮಾಸ್ತೆ ಕೆಲಸದಿಂದ ಹಿಂದಿರುಗುವವರೂ ಕಾಲೇಜಿನ ಹುಡುಗರೂ ವಕೀಲರೂ ವೈದ್ಯರೂ ಒಂದೇ ಬೆಂಚಿನ ಮೇಲೆ ಕುಳಿತು ಇಂಥವನ್ನು ನೋಡುವ ಅವಕಾಶವು ದೇಶದಲ್ಲಿ ಬೇರೆಲ್ಲಿಯೂ ಸುಲಭವಾಗಿರಲಿಲ್ಲ.

ಹುಟ್ಟಿನಿಂದ ವಿದೇಶೀಯರೂ ಮತದಿಂದ ಕ್ರೈಸ್ತರೂ ಆದ ಪಾದ್ರಿಗೂ, ಯಾವ ಮತಕ್ಕೂ ಸುಲಭವಾಗಿ ತಲೆಬಾಗದ ಸರ್ಕಾರರಿಗೂ ಬೆಳೆದ ಸ್ನೇಹವು ಈ ಸಂಘದ ಚರಿತ್ರೆಯಲ್ಲಿ ಅತ್ಯಂತ ಮನೋಹರವಾದ ಭಾಗ. ಇಬ್ಬರೂ ಸಂಬಳವಿಲ್ಲದೆ ವರ್ಷವರ್ಷವೂ ಪಾಠ ಹೇಳಿದರು. ಮುಂದೆ ಸ್ವತಃ ಬೋಸರೂ, ಗಣಿತವನ್ನು ಕುರಿತು ಆಶುತೋಷ ಮುಖರ್ಜಿಯವರೂ, ಭೂವಿಜ್ಞಾನವನ್ನು ಕುರಿತು ಪ್ರಮಥನಾಥ ಬೋಸರೂ ಅಲ್ಲಿ ಉಪನ್ಯಾಸಗಳನ್ನು ಮಾಡಿದರು. 1880ರ ದಶಕದಲ್ಲಿ ವಿಶಾಲವಾದ ಉಪನ್ಯಾಸಮಂದಿರವು ಎದ್ದಿತು. 1890ರ ಸುಮಾರಿಗೆ ವಿಜಯನಗರಂ ಮಹಾರಾಜರ ದಾನದಿಂದ ಪ್ರಯೋಗಶಾಲೆಯೂ ಆಯಿತು.

ಪ್ರಯೋಗಶಾಲೆಯಾಯಿತು; ಪ್ರಯೋಗಮಾಡುವವರು ಬರಲಿಲ್ಲ. ಸರ್ಕಾರರ ದುಃಖವೆಲ್ಲ ಇಲ್ಲಿಯೇ ಇದ್ದಿತು. ಉಪನ್ಯಾಸಕ್ಕೆ ಜನರು ಬರುತ್ತಿದ್ದರು, ಕೇಳುತ್ತಿದ್ದರು, ಹೋಗುತ್ತಿದ್ದರು. ಸಂಸಾರದ ಚಿಂತೆಯಿಲ್ಲದೆ ಹಗಲೆಲ್ಲ ಸಂಶೋಧನೆಯಲ್ಲಿಯೇ ನಿಲ್ಲುವ ಪ್ರಾಧ್ಯಾಪಕರನ್ನು ಇಟ್ಟುಕೊಳ್ಳಲು ಶಾಶ್ವತನಿಧಿಯು ಬೇಕಾಗಿದ್ದಿತು. ಮದುವೆಮುಂಜಿಗಳಿಗೆ ಲಕ್ಷಗಟ್ಟಲೆ ಸುರಿಯುವ ಶ್ರೀಮಂತರು ಅದಕ್ಕೆ ಕೈಚಾಚಲಿಲ್ಲ. ವಾರ್ಷಿಕ ಸಭೆಗಳಲ್ಲಿ ಅವರ ಮಾತು ವರ್ಷದಿಂದ ವರ್ಷಕ್ಕೆ ಕಹಿಯಾಗುತ್ತ ಬಂದಿತು. ಈ ಕೆಲಸಕ್ಕೆ ಸವೆಯಿಸಿದ ಕಾಲವನ್ನು ವೈದ್ಯವೃತ್ತಿಗೆ ಕೊಟ್ಟಿದ್ದರೆ ತಮ್ಮ ಸಂಪಾದನೆಯಿಂದಲೇ ಇಂಥ ಸಂಸ್ಥೆಯನ್ನು ಕಟ್ಟಬಹುದಾಗಿತ್ತೆಂಬ ಅರ್ಥದಲ್ಲಿ ಅವರು ಮುಪ್ಪಿನಲ್ಲಿ ನೊಂದು ಆಡಿದರು. 1904ರ ಫೆಬ್ರುವರಿ 23ರಂದು ತಮ್ಮ ಜೀವಮಾನದ ಕಾರ್ಯವು ಫಲಿಸಲಿಲ್ಲವೆಂಬ ಭಾವನೆಯಿಂದಲೇ ತೀರಿಕೊಂಡರು. ಅವರ ಮಗ ಅಮೃತಲಾಲ ಸರ್ಕಾರರು ಕಾರ್ಯದರ್ಶಿಗಳಾಗಿ ದೀಪವನ್ನು ಆರಗೊಡದೆ ಕಾಪಾಡಿದರು. ಲಾಫೋಂ ಅವರು 1908ರಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡರು.

ಸರ್ಕಾರರ ದೂರು ನ್ಯಾಯವಾದುದೇ. ಆದರೆ ದೋಷವೆಲ್ಲ ಶ್ರೀಮಂತರದೆಂದು ಹೇಳಿ ಮುಗಿಸುವಂತಿಲ್ಲ. ಉಪನ್ಯಾಸಗಳು ಇಂಗ್ಲಿಷಿನಲ್ಲಿ ನಡೆಯುತ್ತಿದ್ದುವು. ಅವು ಯಾರಿಗೆ ಎಟುಕುತ್ತಿದ್ದುವೋ ಅವರ ಸಂಖ್ಯೆಯು ನಗರದ ಜನರಲ್ಲಿ ಬೆರಳಿನಿಂದ ಎಣಿಸುವಷ್ಟು. ಆಲ್ಬೆಮಾರ್ಲ್ ಬೀದಿಯಲ್ಲಿ ಕಲ್ಲಿನ ಮೆಟ್ಟಲನ್ನು ಕಿತ್ತರು. ಬೌಬಜಾರಿನಲ್ಲಿ ಮೆಟ್ಟಲನ್ನು ಯಾರೂ ಕೀಳಲಿಲ್ಲ, ಆದರೆ ಭಾಷೆಯೇ ಬಾಗಿಲಿಗೆ ಅಗಳಿಯಾಗಿ ನಿಂತಿತು.

ಮುಂದಿನ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಅದರ ಪೂರ್ವಭಾಗವನ್ನು ಬಿಟ್ಟು ಹೇಳುವುದೇ ವಾಡಿಕೆಯಾಗಿದೆ. 1907ರಲ್ಲಿ ಮದರಾಸಿನ ಕಡೆಯಿಂದ ಹದಿನೆಂಟು ವರ್ಷದ ಯುವಕನೊಬ್ಬನು ಸರ್ಕಾರದ ಹಣಕಾಸಿನ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾಗಿ, ಪತ್ನೀಸಮೇತನಾಗಿ ಕಲ್ಕತ್ತೆಗೆ ಬಂದನು. ಟ್ರಾಮ್ ಗಾಡಿಯಲ್ಲಿ ಕಚೇರಿಯ ದಾರಿ ಹಿಡಿದಿರುವಾಗ ಬೌಬಜಾರಿನಲ್ಲಿ ವಿಜ್ಞಾನಸಂಘದ ಹಲಗೆಯು ಅವನ ಕಣ್ಣಿಗೆ ಬಿದ್ದಿತು. ಹೋಗಿ ಬಾಗಿಲು ತಟ್ಟಿದನು. ತೆರೆದವನು ಸಂಘದ ಸಹಾಯಕನಾದ ಆಶುತೋಷ ಡೇ. ಅಮೃತಲಾಲ ಸರ್ಕಾರರು ಬಂದ ಯುವಕನ ಆಸೆಯನ್ನು ಕೇಳಿ, ತಂದೆಯವರು ಯಾರನ್ನು ಕಾದು ಕಾದು ಕಣ್ಣು ಮುಚ್ಚಿದರೋ ಅವನು ಬಂದನೆಂಬಂತೆ ಬರಮಾಡಿಕೊಂಡು ಪ್ರಯೋಗಶಾಲೆಯನ್ನು ಅವನಿಗೆ ಬಿಟ್ಟುಕೊಟ್ಟರು. ಯುವಕನ ಹೆಸರು ಚಂದ್ರಶೇಖರ ವೆಂಕಟರಾಮನ್. ಕಚೇರಿಗೆ ಮೊದಲು ಬೆಳಗಿನ ಝಾವದಲ್ಲಿಯೂ ಕಚೇರಿ ಮುಗಿದ ಮೇಲೆ ರಾತ್ರಿಯವರೆಗೂ ಅವರು ಅಲ್ಲಿ ದುಡಿದರು. ಕಾಲೇಜಿನ ಮೆಟ್ಟಲನ್ನೇ ಹತ್ತದ ಆಶುಬಾಬು ಅವರ ಬಲಗೈಯಾದರು. ಅದೇ ಮಂದಿರದಲ್ಲಿ ಜನಸಾಮಾನ್ಯರಿಗೆ ಉಪನ್ಯಾಸಮಾಡುವ ಸಂಪ್ರದಾಯವನ್ನೂ ರಾಮನ್ನರು ಕೈಬಿಡಲಿಲ್ಲ. 1917ರಲ್ಲಿ ಸರ್ಕಾರಿ ಹುದ್ದೆಯನ್ನು ತೊರೆದು ಅದಕ್ಕಿಂತ ಕಡಮೆ ಸಂಬಳದ ಪ್ರಾಧ್ಯಾಪಕಪದವಿಯನ್ನು ಒಪ್ಪಿಕೊಂಡರು. ಪ್ರಯೋಗಗಳು ಮಾತ್ರ ಬೌಬಜಾರಿನಲ್ಲಿಯೇ ಸಾಗಿದುವು.

ಆ ಮನೆಯಲ್ಲಿಯೇ, 1928ರ ಫೆಬ್ರುವರಿ 28ರಂದು, ಕೆ. ಎಸ್. ಕೃಷ್ಣನ್ನರ ಸಹಾಯದಿಂದ ರಾಮನ್ನರು ಚದರಿದ ಬೆಳಕಿನ ಹೊಸ ಗುಣವನ್ನು ಸ್ಪಷ್ಟವಾಗಿ ಕಂಡರು. ಒಂದೇ ಬಣ್ಣದ ಬೆಳಕನ್ನು ದ್ರವದೊಳಕ್ಕೆ ಹಾಯಿಸಿದರೆ, ಪಕ್ಕಕ್ಕೆ ಚದರಿ ಬರುವ ಬೆಳಕಿನಲ್ಲಿ ಆ ಬಣ್ಣದೊಡನೆ ಬೇರೆ ಬಣ್ಣದ ಕ್ಷೀಣವಾದ ರೇಖೆಗಳೂ ಇರುತ್ತವೆ. ಆ ರೇಖೆಗಳ ಸ್ಥಾನವು ದ್ರವದ ಅಣುಗಳ ಕಂಪನವನ್ನು ಹೇಳುತ್ತದೆ. 1930ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಸರ್ಕಾರರ ಪ್ರಯೋಗಶಾಲೆಯು ಖಾಲಿಯಾಗಿದ್ದುದು ನಿಜ. ಆದರೆ ಉಪನ್ಯಾಸಗಳ ನೆಪದಿಂದ ಆ ಮನೆಯ ಬಾಗಿಲು ಮೂವತ್ತು ವರ್ಷ ಮುಚ್ಚದೆ ಇದ್ದುದರಿಂದಲ್ಲವೆ ತಟ್ಟಿದಾಗ ತೆರೆಯುವವರೊಬ್ಬರು ಇದ್ದುದು?

ಈ ಆವಿಷ್ಕಾರದ ವಿವರಣೆಯನ್ನು ರಾಮನ್ನರು ಸಭೆಯ ಮುಂದಿಟ್ಟುದು ಕಲ್ಕತ್ತೆಯಲ್ಲಲ್ಲ, ಲಂಡನ್ನಿನಲ್ಲಲ್ಲ. ‘ಒಂದು ಹೊಸ ವಿಕಿರಣ’ ಎಂಬ ಆ ಪ್ರಸಿದ್ಧ ಉಪನ್ಯಾಸವು ನಡೆದುದು 1928ರ ಮಾರ್ಚಿ 16ರಂದು, ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನಸಂಘದ ಪ್ರಾರಂಭೋತ್ಸವದಲ್ಲಿ. ಅಂದು ಶುಕ್ರವಾರ. ಫ್ಯಾರಡೆಯು ಹಾಕಿದ ವಾರದ ನಿಯಮವು ಹೀಗೆ ಆಕಸ್ಮಿಕವಾಗಿಯಾದರೂ ಪಾಲಿತವಾಯಿತು. ಐದು ವರ್ಷಗಳ ಮೇಲೆ ರಾಮನ್ನರು ತಾತಾ ವಿಜ್ಞಾನಮಂದಿರದ ನಿರ್ದೇಶಕರಾಗಿ ಬೆಂಗಳೂರಿಗೇ ಬಂದು ನೆಲಸಿದರು.

ಅವರು ಬರುವುದಕ್ಕೆ ಬಹಳ ಮುಂಚೆಯೇ ಕನ್ನಡನಾಡಿನಲ್ಲಿ, ಬೌಬಜಾರಿನವರು ಕೈಹಾಕದ ಅಗಳಿಯನ್ನು ಸರಿಸಲು ಯತ್ನಿಸಿದ ಮಹನೀಯರಿದ್ದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಪಾರಿಭಾಷಿಕ ಪದಗಳೇ ಇಲ್ಲದಿದ್ದ ಕಾಲ. ಒಂದೊಂದು ಲೇಖನಕ್ಕೂ ಮೊದಲು ಮಾತನ್ನು ಕಡೆಯಬೇಕು, ಆಮೇಲೆ ವಿಷಯವನ್ನು ಹೇಳಬೇಕು. ಪತ್ರಿಕೆಯು ಎರಡು ವರ್ಷದಷ್ಟು ಕಾಲ ನಡೆದು ನಿಂತುಹೋಯಿತು. ಚಂದಾದಾರರ ಸಂಖ್ಯೆಯಿಂದಲೇ ಇಂಥ ಕಾರ್ಯವನ್ನು ಅಳೆಯುವವರು ಅದನ್ನು ಸೋಲೆನ್ನಬಹುದು. ಆದರೆ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಪ್ರಚಾರೋಪನ್ಯಾಸಗಳಿಗೆಂದು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತನಾಡಿ, ಆ ಮಾತು ಚಿಕ್ಕ ಚಿಕ್ಕ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಮನೆಗಳನ್ನು ಸೇರಿದಾಗ, ಹಾದಿಯ ಮುಳ್ಳನ್ನು ಮೊದಲು ತೆಗೆದವರು ಯಾರೆಂಬುದನ್ನು ಮರೆಯಲಾಗದು.

ಬೌಬಜಾರಿನ ಸಂಜೆಗಳಿಗೆ ಬೆಂಗಳೂರಿನಲ್ಲಿ ಹತ್ತಿರದ ಬಂಧುವೆಂದರೆ 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಆರಂಭವಾದ ಬೆಂಗಳೂರು ಸೈನ್ಸ್ ಫೋರಂ. ಅದನ್ನು ಕಟ್ಟಿದವರು ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರಿನ ಹತ್ತಿರದ ಹೊಸೂರಿನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಓದುವ ಆಸೆಯಿಂದ ಬೆಂಗಳೂರಿಗೆ ಕಾಲ್ನಡಗೆಯಲ್ಲಿ ಬಂದು, ಸ್ವಾತಂತ್ರ್ಯಸಂಗ್ರಾಮದಲ್ಲಿ ಸೆರೆಮನೆಯನ್ನು ಕಂಡು, ಅಮೆರಿಕೆಯಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಬಂದ ಮೇಲೂ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿಯೇ ಬ್ರಹ್ಮಚಾರಿಯಾಗಿ ಬಾಳಿದವರು. ವಾರಕ್ಕೊಂದು ಸಂಜೆ ಒಬ್ಬ ವಿಜ್ಞಾನಿ ಬರುವುದು, ಬೀದಿಯಲ್ಲಿ ಹೋಗುವವರು ಯಾರಾದರೂ ಬಂದು ಕುಳಿತು ಕೇಳುವುದು, ಕೇಳಿದ ಮೇಲೆ ಎದ್ದು ಪ್ರಶ್ನೆ ಹಾಕುವುದು. ಪ್ರಶ್ನಿಸದೆ ಒಪ್ಪಬಾರದೆಂಬುದೇ ನರಸಿಂಹಯ್ಯನವರ ಜೀವಮಂತ್ರವಾಗಿದ್ದಿತಾದ್ದರಿಂದ, ಆ ಸಭೆಯಲ್ಲಿ ಉಪನ್ಯಾಸದಷ್ಟೇ ಬೆಲೆ ಪ್ರಶ್ನೆಗೂ ಇದ್ದಿತು. ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಅವರು ಸಮಿತಿಯನ್ನು ನೇಮಿಸಿದುದೂ ಅದರಿಂದ ಎದ್ದ ಕೋಲಾಹಲವೂ ಹಿರಿಯರ ನೆನಪಿನಲ್ಲಿರಬಹುದು. ಪರೀಕ್ಷಿಸದೆ ಖಂಡಿಸಲಾರೆನೆಂದ ಮಹೇಂದ್ರಲಾಲರಿಗೂ, ಪರೀಕ್ಷಿಸದೆ ನಂಬಲಾರೆನೆಂದ ನರಸಿಂಹಯ್ಯನವರಿಗೂ ದೂರವೇನೂ ಇಲ್ಲ.

ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಮಂದಿರವನ್ನು ಸ್ಥಾಪಿಸಿದ ಮೇಲೆ, ವರ್ಷವರ್ಷವೂ ಅಕ್ಟೋಬರ್ 2ರಂದು ಗಾಂಧೀಸ್ಮಾರಕೋಪನ್ಯಾಸವನ್ನು ಮಾಡುತ್ತಿದ್ದರು. ವಿಷಯವು ಗಾಂಧೀಜಿಯವರನ್ನು ಕುರಿತದ್ದಾಗಿರದೆ, ಆ ಕಾಲದಲ್ಲಿ ತಮ್ಮ ಮನಸ್ಸನ್ನು ತುಂಬಿದ್ದ ವಿಜ್ಞಾನದ ಯಾವುದಾದರೊಂದು ಸಂಗತಿಯಾಗಿರುತ್ತಿದ್ದಿತು. ಬೌಬಜಾರಿನ ಸಂಘವು ಜಾದವಪುರದ ಹೊಸ ಕಟ್ಟಡಕ್ಕೆ ವರ್ಗವಾಗಿ ವರ್ಷಗಳೇ ಕಳೆದಿದ್ದುವು. 1970ರ ಅಕ್ಟೋಬರ್ 2ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿದ್ದ ಅವರು ಕಿವಿಯ ಒಳಗಿನ ಶಂಖಾಕಾರದ ಅಂಗವನ್ನೂ ಶಬ್ದವು ನಮಗೆ ಕೇಳಿಸುವ ಬಗೆಯನ್ನೂ ಕುರಿತು ಮಾತನಾಡಿದರು. ಅದೇ ಅವರ ಕಡೆಯ ಉಪನ್ಯಾಸ. ನವೆಂಬರ್ 21ರಂದು ತೀರಿಕೊಂಡರು.